ತಬಲಾ ಕಪಾಟಿನಲ್ಲಿ, ಕೀಬೋರ್ಡ್ ವೇದಿಕೆಯಲ್ಲಿ: ಬಿಷಪರಿಗೂ ಆರಾಧನಾ ಸಮಿತಿಗೂ ಒಂದು ಬಹಿರಂಗ ಪತ್ರ

ಅತಿ ವಂದನೀಯ ಬಿಷಪರಿಗೆ, ಆರಾಧನಾ ಸಮಿತಿಯ ಮಾನ್ಯ ಸದಸ್ಯರಿಗೆ ಹಾಗೂ ನಮ್ಮ ಕನ್ನಡ ಸಭೆಗಳ ಸಮಸ್ತ ವಿಶ್ವಾಸಿಗಳಿಗೆ,

ವಿಷಯ: ಆರಾಧನೆಯಲ್ಲಿ ವಾದ್ಯಗಳ ಬಳಕೆ

ಕ್ರಿಸ್ತನಲ್ಲಿ ವಂದನೆಗಳು.

ನಾನು ಕರಾವಳಿಯ ಒಂದು ಕನ್ನಡ ಸಭೆಗೆ ಸೇರಿದವನು. ಇಪ್ಪತ್ತೆರಡು ವರ್ಷ ಅಲ್ಲಿನ ಗಾಯನ ಮಂಡಳಿಯ ಹಾರ್ಮೋನಿಯಂ ನನ್ನ ಕೈಯಲ್ಲಿತ್ತು. ಬೆರಳುಗಳ ಗಂಟುನೋವು ಶುರುವಾದ ಮೇಲೆ ಈಗ ಎರಡನೆಯ ಸಾಲಿನ ಬೆಂಚಿನಲ್ಲಿ ಕುಳಿತು ಎಲ್ಲರಂತೆ ಹಾಡುತ್ತೇನೆ. ಕಳೆದ ಕೊಯ್ಲಿನ ಹಬ್ಬದ ಆರಾಧನೆಯಲ್ಲಿ ನಮ್ಮ ಯುವಕರು ಒಂದು ಕೀರ್ತನೆಗೆ ತಬಲಾ ಮತ್ತು ತಮಟೆಯನ್ನು ಜೊತೆ ಮಾಡಿದರು. ಅದಾಗಿ ಮೂರು ವಾರಕ್ಕೆ ಸಭಾಸಮಿತಿಯ ನಿರ್ಣಯವೊಂದನ್ನು ಆರಾಧನೆಯ ನಡುವೆ ಓದಿ ಹೇಳಲಾಯಿತು: ಹೊಸ ಒಡಂಬಡಿಕೆಯ ಸಭೆಯು ವಾದ್ಯಗಳನ್ನು ಬಳಸಿದ್ದಕ್ಕೆ ಆಧಾರವಿಲ್ಲವಾದ ಕಾರಣ ತಬಲಾ, ತಮಟೆ, ಡೋಲು ಇತ್ಯಾದಿಗಳನ್ನು ಇನ್ನು ಮುಂದೆ ದೇವಾಲಯದೊಳಗೆ ನುಡಿಸತಕ್ಕದ್ದಲ್ಲ. ಓದಿ ಮುಗಿಸಿದ ಕೂಡಲೇ ಕೀಬೋರ್ಡಿನವರು ಮುಂದಿನ ಗೀತೆಯನ್ನು ಆರಂಭಿಸಿದರು, ಅದರ ಹೊಟ್ಟೆಯೊಳಗಿನ ಯಂತ್ರದ ಡ್ರಮ್ಮೂ ಜೊತೆಯಲ್ಲೇ ಬಡಿಯತೊಡಗಿತು. ಇದು ಯಾರಿಗೂ ವಿಚಿತ್ರವೆನಿಸಿದಂತೆ ಕಾಣಲಿಲ್ಲ. ನನಗೂ ಹೊಳೆದದ್ದು ಮನೆಗೆ ಬಂದು ಊಟಕ್ಕೆ ಕುಳಿತ ಮೇಲೆಯೇ.

ನಮ್ಮ ಸಮಿತಿಯವರ ಮೇಲೆ ದೂರು ಹೇಳುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಅವರೆಲ್ಲ ನನ್ನ ನೆರೆಹೊರೆಯವರು, ಕಷ್ಟಕಾಲದಲ್ಲಿ ನನ್ನ ಮನೆಗೆ ಬಂದು ಪ್ರಾರ್ಥಿಸಿದವರು. ಆದರೆ ಒಂದು ಸಭೆಯಲ್ಲಿ ಗಿಟಾರ್ ಸರಿ, ಮೃದಂಗ ತಪ್ಪು ಎನ್ನುವುದು, ಇನ್ನೊಂದರಲ್ಲಿ ಹಾರ್ಮೋನಿಯಂ ಸರಿ, ಡ್ರಮ್ ಸೆಟ್ ತಪ್ಪು ಎನ್ನುವುದು, ಎರಡೂ ಕಡೆ ಸತ್ಯವೇದವನ್ನೇ ಸಾಕ್ಷಿಗೆ ಕರೆಯುವುದು ಹೀಗೇ ಮುಂದುವರಿದರೆ ನಮ್ಮ ಮಕ್ಕಳು ಸತ್ಯವೇದವೆಂದರೆ ಹಿರಿಯರ ಅಭಿರುಚಿಗೆ ಹಾಕಿದ ಮುದ್ರೆ ಎಂದುಕೊಂಡಾರು ಎಂಬ ಭಯದಿಂದ ಈ ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಆರಾಧನೆಯಲ್ಲಿ ವಾದ್ಯಗಳೇ ಬೇಡ ಎನ್ನುವವರ ವಾದವನ್ನು ಮೊದಲು ಗೌರವದಿಂದ ಕೇಳಬೇಕು, ಏಕೆಂದರೆ ಅದು ಹಗುರವಾದ ವಾದವಲ್ಲ. ಪಸ್ಕದ ಊಟದ ಬಳಿಕ ಯೇಸುವೂ ಶಿಷ್ಯರೂ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೋದರು. ಅಲ್ಲಿ ವಾದ್ಯದ ಮಾತಿಲ್ಲ. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಬಿದ್ದ ಪೌಲ ಸೀಲರು ಮಧ್ಯರಾತ್ರಿಯಲ್ಲಿ ಬರಿಯ ಕಂಠದಿಂದಲೇ ಹಾಡಿದರು. ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆಯುವಾಗ ಪೌಲನು ಹೇಳುವುದು ಹೃದಯದಲ್ಲಿ ಹಾಡುವುದನ್ನು, ಕೀರ್ತನೆಗಳ ಮೂಲಕ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳುವುದನ್ನು. ಲೇವಿಯರ ತಾಳ, ಕಿನ್ನರಿ, ಸ್ವರಮಂಡಲಗಳು ಯೆರೂಸಲೇಮಿನ ದೇವಾಲಯದ ಬಲಿಸೇವೆಗೆ ಸೇರಿದವು, ಆ ಬಲಿಸೇವೆ ಕ್ರಿಸ್ತನಲ್ಲಿ ಪೂರ್ತಿಯಾದ ಮೇಲೆ ಅದರ ಪರಿಕರಗಳಿಗೂ ಕೆಲಸವಿಲ್ಲ ಎಂದು ಈ ಪಕ್ಷದವರು ಹೇಳುತ್ತಾರೆ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಯೋಹಾನ ಕ್ರಿಸೊಸ್ತೊಮ್ ಮೊದಲಾದ ಆದಿಸಭೆಯ ಹಿರಿಯರು ವಾದ್ಯಗಳನ್ನು ಕುಡಿತದ ಕೂಟಗಳ ಜೊತೆ ಗುರುತಿಸಿ ದೂರವಿಟ್ಟರು. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಕೂಡ ಸಭೆಯು ವೀಣೆಯಂಥ ವಾದ್ಯಗಳನ್ನು ಆರಾಧನೆಗೆ ಬಳಸುವುದಿಲ್ಲ ಎಂದೇ ಬರೆದಿದ್ದಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಬಹುಪಾಲು ಇಂದಿಗೂ ಮನುಷ್ಯಕಂಠವೊಂದರಿಂದಲೇ ಆರಾಧನೆ ನಡೆಯುತ್ತದೆ, ಮತ್ತು ಅದನ್ನು ಒಮ್ಮೆ ಕೇಳಿದವರು ಏನೋ ಕೊರತೆಯಿದೆ ಎಂದು ಹೇಳಲಾರರು.

ಈ ನಂಬಿಕೆಯನ್ನು ಕೊನೆಯವರೆಗೆ ಪಾಲಿಸಿದವರೂ ಇದ್ದಾರೆ. ಜೂರಿಕ್ ನಗರದ ಸುಧಾರಕ ಉಲ್ರಿಕ್ ಜ್ವಿಂಗ್ಲಿ ಸ್ವತಃ ಹಲವು ವಾದ್ಯಗಳನ್ನು ಬಲ್ಲ ಸಂಗೀತಗಾರ. ಆದರೂ ಅವರ ಸುಧಾರಣೆಯ ಕಾಲದಲ್ಲಿ, 1527ರಲ್ಲಿ, ಅಲ್ಲಿನ ಗ್ರೋಸ್‌ಮ್ಯೂನ್‌ಸ್ಟರ್ ದೇವಾಲಯದ ಆರ್ಗನನ್ನು ಬಿಚ್ಚಿ ತೆಗೆಯಲಾಯಿತು. ಅಷ್ಟಕ್ಕೇ ನಿಲ್ಲದೆ ಹಾಡುವುದನ್ನೂ ನಿಲ್ಲಿಸಿದರು. ಜೂರಿಕ್‌ನ ಆರಾಧನೆಗೆ ಹಾಡು ಮರಳಿದ್ದು 1598ರಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1807ರಲ್ಲಿ ಒಂದು ದೇವಾಲಯದವರು ಆರ್ಗನ್ ನುಡಿಸಿದ್ದೇ ದೊಡ್ಡ ವಿವಾದವಾಗಿ, ಮೇಲಿನ ಸಭಾಮಂಡಳಿ ಅದನ್ನು ನಿಲ್ಲಿಸಿತು; ಅದೇ ನಾಡಿನ ಫ್ರೀ ಚರ್ಚ್ ವಾದ್ಯಗಳಿಗೆ ಅನುಮತಿ ಕೊಟ್ಟದ್ದು 2010ರಲ್ಲಿ. ಅಮೆರಿಕದಲ್ಲಿ ಇದೇ ಪ್ರಶ್ನೆ ಮುಖ್ಯ ಕಾರಣಗಳಲ್ಲೊಂದಾಗಿ ಒಡೆದ ಎರಡು ಸಭಾಬಳಗಗಳನ್ನು 1906ರ ಗಣತಿಯಲ್ಲಿ ಬೇರೆಬೇರೆಯಾಗಿಯೇ ಲೆಕ್ಕ ಹಾಕಲಾಯಿತು. ಇವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಇವರಲ್ಲಿ ಯಾರೂ ಒಂದು ವಾದ್ಯವನ್ನು ಒಳಗಿಟ್ಟುಕೊಂಡು ಇನ್ನೊಂದನ್ನು ಹೊರಗೆ ಹಾಕುವುದಕ್ಕೆ ಹೊಸ ಒಡಂಬಡಿಕೆಯನ್ನು ತೋರಿಸಲಿಲ್ಲ. ವಾದ್ಯಕ್ಕೆ ಆಧಾರವಿಲ್ಲವೆಂದರೆ ಕೊಳಲಿಗೂ ಇಲ್ಲ, ಆರ್ಗನ್ನಿಗೂ ಇಲ್ಲ, ವಿದ್ಯುತ್ತಿನ ಕೀಬೋರ್ಡಿಗಂತೂ ಇಲ್ಲವೇ ಇಲ್ಲ. ನಮ್ಮ ನಿರ್ಣಯ ಜ್ವಿಂಗ್ಲಿಯ ವಾದವನ್ನು ಎರವಲು ತಂದು, ಜ್ವಿಂಗ್ಲಿ ತೆತ್ತ ಬೆಲೆಯನ್ನು ಮಾತ್ರ ತೆರಲು ಒಪ್ಪುತ್ತಿಲ್ಲ.

ಹಾಗಾದರೆ ಕೀಬೋರ್ಡ್ ಪವಿತ್ರ, ತಬಲಾ ಅಪವಿತ್ರ ಎಂಬ ಭಾವನೆ ನಮಗೆಲ್ಲಿಂದ ಬಂತು? ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ತಬಲಾ, ಮೃದಂಗ, ತಮಟೆಗಳು ಅನ್ಯರ ಪೂಜೆಯಿಂದ, ಜಾತ್ರೆಯಿಂದ, ಭೂತಕೋಲದಿಂದ ಬಂದವು; ಆರ್ಗನ್ ಮತ್ತು ಅದರ ಮೊಮ್ಮಗನಾದ ಕೀಬೋರ್ಡ್ ಕ್ರೈಸ್ತರವು. ಇಲ್ಲಿ ಆರ್ಗನ್ನಿನ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಕ್ರಿಸ್ತಪೂರ್ವ 3ನೇ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ಕ್ಟೆಸಿಬಿಯಸ್ ಎಂಬ ಯಂತ್ರಜ್ಞ ನೀರಿನ ಒತ್ತಡದಿಂದ ಗಾಳಿ ನೂಕುವ ಆರ್ಗನ್ ಮಾಡಿದ. ರೋಮನರು ಅದನ್ನು ಅಖಾಡಗಳಲ್ಲಿ ನುಡಿಸಿದರು. ಲಿಬಿಯಾದ ಜ್ಲಿಟೆನ್ ಎಂಬಲ್ಲಿ ಸಿಕ್ಕಿದ ನೆಲಚಿತ್ರದಲ್ಲಿ ಕತ್ತಿಮಲ್ಲರು ಒಬ್ಬರನ್ನೊಬ್ಬರು ಕಡಿಯುತ್ತಿದ್ದರೆ ಪಕ್ಕದಲ್ಲೇ ಕೊಂಬಿನವರ ಜೊತೆ ಆರ್ಗನ್ ನುಡಿಸುವವರೂ ಕುಳಿತಿದ್ದಾರೆ. ಅಂಥ ವಿನೋದದ ಅಖಾಡಗಳಲ್ಲೇ ಎಷ್ಟೋ ವಿಶ್ವಾಸಿಗಳು ಮೃಗಗಳ ಪಾಲಾದದ್ದನ್ನು ನಾವು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಮುಂದೆ 757ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಫ್ರಾಂಕರ ದೊರೆ ಪೆಪಿನ್‌ಗೆ ಒಂದು ಆರ್ಗನ್ನನ್ನು ಕಾಣಿಕೆಯಾಗಿ ಕಳುಹಿಸಿದ. ಅದೂ ಅರಮನೆಯ ವೈಭವದ ವಸ್ತುವೇ. ಪಶ್ಚಿಮದ ಮಠಗಳಿಗೂ ದೇವಾಲಯಗಳಿಗೂ ಅದು ನಿಧಾನವಾಗಿ ಕಾಲಿಟ್ಟದ್ದು ಆ ಬಳಿಕ. ಕ್ರೈಸ್ತರ ರಕ್ತ ಹರಿದ ಅಖಾಡದ ವಾದ್ಯವನ್ನು ಶುದ್ಧಮಾಡಿಕೊಳ್ಳಲು ಸಭೆಗೆ ಸಾಧ್ಯವಾದದ್ದಾದರೆ, ನಮ್ಮೂರ ಜಾತ್ರೆಯ ಚರ್ಮವಾದ್ಯವನ್ನು ಶುದ್ಧಮಾಡಲು ಅದೇ ಸಭೆಯ ದೇವರಿಗೆ ಏನು ಅಡ್ಡಿ ಎಂಬುದು ನನಗೆ ತಿಳಿಯುತ್ತಿಲ್ಲ.

ನಾನು ನುಡಿಸುತ್ತಿದ್ದ ಹಾರ್ಮೋನಿಯಮ್ಮಿನ ಕಥೆ ಇನ್ನೂ ತಮಾಷೆಯದು. ಅದು 1840ರ ದಶಕದ ಪ್ಯಾರಿಸಿನದು. ಕಲ್ಕತ್ತೆಯಲ್ಲಿ ಕಾಲಿನ ತಿದಿ ಹೋಗಿ ಕೈತಿದಿ ಬಂದು ನೆಲದ ಮೇಲೆ ಕುಳಿತಿತು. ಭಾರತೀಯ ಸಂಗೀತಕ್ಕೆ ಹೊಂದದ ವಿದೇಶಿ ವಾದ್ಯವೆಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ದೂರವಿಟ್ಟಿತು. ಅದೇ ಪೆಟ್ಟಿಗೆಯನ್ನು ಭಜನೆಯ ವಾದ್ಯವೆಂದು ನಮ್ಮ ಸಭೆಯಲ್ಲೊಬ್ಬ ಹಿರಿಯರು ಎಷ್ಟೋ ವರ್ಷ ಅನುಮಾನದಿಂದ ನೋಡುತ್ತಿದ್ದರು.

ಸತ್ಯವೇದದ ಕನ್ನಡವನ್ನೇ ತೆಗೆದುಕೊಳ್ಳಿ. ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ಕೈಗೆತ್ತಿಕೊಂಡ ವಾದ್ಯಕ್ಕೆ, 150ನೆಯ ಕೀರ್ತನೆಯಲ್ಲಿ ಕುಣಿಯುತ್ತಾ ಬಡಿಯಬೇಕಾದ ವಾದ್ಯಕ್ಕೆ ನಮ್ಮ ಅನುವಾದಕರು ಬಳಸಿದ ಮಾತು ದಮ್ಮಡಿ. ಅವರು ಅದಕ್ಕೊಂದು ಹೀಬ್ರೂ ಹೆಸರನ್ನು ಹಾಗೆಯೇ ಇಳಿಸಲಿಲ್ಲ, ಸಂಸ್ಕೃತದ ಘನವಾದ ಪದವನ್ನೂ ಹುಡುಕಲಿಲ್ಲ. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುವವರ ಕೈಯ ಚರ್ಮವಾದ್ಯವನ್ನು ದೇವರ ಸ್ತುತಿಯ ಸಾಲಿಗೆ ತಂದು ಕೂರಿಸಿದರು. ನಮ್ಮ ಪ್ರಸಂಗಪೀಠದಿಂದ ದಮ್ಮಡಿ ಎಂದು ಓದಬಹುದು, ಅದೇ ಪೀಠದ ಕೆಳಗೆ ದಮ್ಮಡಿಯನ್ನು ಬಡಿಯಬಾರದು ಎಂಬ ಸ್ಥಿತಿ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ನಾಡಿನ ರಾಗಗಳನ್ನು ಹೊತ್ತು ತಂದದ್ದು ನಿಜ. ಆದರೆ ಅವರಲ್ಲೇ ಒಬ್ಬರಾದ, ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟ್ಟೆಲರು 1862ರಲ್ಲಿ ಯೇಸುವಿನ ಜೀವನವನ್ನು ಈ ನಾಡಿನ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು. ಕ್ರಿಸ್ತನ ಕಥೆ ಕನ್ನಡದ ಲಯದಲ್ಲಿ ನಡೆಯಬಲ್ಲದು ಎಂದು ಜರ್ಮನಿಯಿಂದ ಬಂದವರಿಗೆ ಅನಿಸಿದ್ದು ಇಲ್ಲೇ ಹುಟ್ಟಿದ ನಮಗೆ ಅನಿಸದೆ ಇರುವುದೇಕೆ?

ವಾದ್ಯದ ಪ್ರಶ್ನೆ ಹಾಡಿನ ಪ್ರಶ್ನೆಯೂ ಹೌದು. ಪಾಶ್ಚಾತ್ಯ ರಾಗಕ್ಕೆ ಹೊಂದಿಸಿದ ಗೀತೆಗಳಲ್ಲಿ ಕನ್ನಡದ ಹ್ರಸ್ವ ದೀರ್ಘವಾಗಿ, ದೀರ್ಘ ಮೊಟಕಾಗಿ, ಪದಗಳು ನಡುವೆಯೇ ತುಂಡಾಗುವುದನ್ನು ಹಾಡುವವರೆಲ್ಲ ಬಲ್ಲರು. ಅಂಥ ಗೀತೆಗಳಲ್ಲಿ ಕೆಲವನ್ನು ನಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತೇನೆ, ನನ್ನ ತಾಯಿಯ ಸಮಾಧಿಯ ಬಳಿ ಹಾಡಿದ್ದೂ ಅಂಥದೊಂದನ್ನೇ, ಮತ್ತು ಅವುಗಳಿಗೆ ಆರ್ಗನ್ನಿನ ನಾಲ್ಕು ಸ್ವರದ ಜೊತೆಗಾರಿಕೆ ಹೊಂದುತ್ತದೆ. ಆದರೆ ಗೀತಪುಸ್ತಕದ ಇನ್ನೊಂದು ಪಾಲು ನಾಡಿನ ರಾಗತಾಳದ ಕೀರ್ತನೆಗಳದು. ಅವಕ್ಕೆ ತಾಳವೇ ಬೆನ್ನೆಲುಬು. ತಾಳವಾದ್ಯವನ್ನು ತೆಗೆದುಹಾಕಿ ಕೀಬೋರ್ಡಿನ ಸಿದ್ಧ ಲಯದ ಮೇಲೆ ಅವನ್ನು ಹಾಡಿಸಿದರೆ ಕಾಯಿ ಒಡೆಯದೆ ಹೊರಗಿನ ನಾರನ್ನು ಅಗಿದಂತಾಗುತ್ತದೆ.

ರೋಮನ್ ಕಥೋಲಿಕರೂ ಈ ದಾರಿಯಲ್ಲಿ ನಡೆದಿದ್ದಾರೆ. 1903ರಲ್ಲಿ 10ನೇ ಪಿಯುಸ್ ಜಗದ್ಗುರುಗಳು (ಪೋಪ್) ದೇವಾಲಯದೊಳಗೆ ಪಿಯಾನೊವನ್ನೂ ಡೋಲು, ತಾಳಗಳಂಥ ಸದ್ದಿನ ವಾದ್ಯಗಳನ್ನೂ ನಿಷೇಧಿಸಿದರು. 1963ರ ಹೊತ್ತಿಗೆ ವ್ಯಾಟಿಕನ್ ಮಹಾಸಭೆ ಆರ್ಗನ್ನಿನ ಹಿರಿತನವನ್ನು ಉಳಿಸಿಕೊಂಡೇ, ಪವಿತ್ರ ಬಳಕೆಗೆ ತಕ್ಕುದಾಗಿದ್ದು ವಿಶ್ವಾಸಿಗಳ ಬೆಳವಣಿಗೆಗೆ ನೆರವಾಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಇಥಿಯೋಪಿಯದ ಪುರಾತನ ಸಭೆಗಂತೂ ಇಂಥ ಅನುಮತಿಯ ಅಗತ್ಯವೇ ಬೀಳಲಿಲ್ಲ. ಅಲ್ಲಿನ ಯಾಜಕರು ದೊಡ್ಡ ಡೋಲು ಬಡಿದು, ಕೈಗೆಜ್ಜೆಯಂಥ ವಾದ್ಯವನ್ನು ಅಲ್ಲಾಡಿಸುತ್ತಾ ದೇವರ ಮುಂದೆ ಹೆಜ್ಜೆ ಹಾಕುತ್ತಾರೆ.

ಇನ್ನು ಹೇಳಬೇಕಾದ್ದು ಸ್ವಲ್ಪ ಕಷ್ಟದ ಮಾತು. ತಮಟೆಯ ಬಗೆಗಿನ ನಮ್ಮ ಮುಜುಗರಕ್ಕೆ ಪೂರ್ಣ ಕಾರಣ ಅನ್ಯಪೂಜೆಯ ಭಯವಲ್ಲ. ತಮಟೆ ಯಾರ ಕೈಯಲ್ಲಿರುತ್ತಿತ್ತು, ಯಾರ ಹೆಣದ ಮುಂದೆ ಯಾರು ಬಡಿಯಬೇಕಿತ್ತು, ಸತ್ತ ದನದ ಚರ್ಮವನ್ನು ಯಾರು ಹದಮಾಡುತ್ತಿದ್ದರು ಎಂಬುದು ನಮಗೆಲ್ಲ ಗೊತ್ತು. ಕ್ರಿಸ್ತನಲ್ಲಿ ಮೇಲುಕೀಳಿಲ್ಲ ಎಂದು ಸಾರುವ ಸಭೆಯೊಳಗೆ ಜಾತಿ ಬೇರೆ ದಾರಿ ಸಿಗದಾಗ ವಾದ್ಯದ ರುಚಿಯ ವೇಷದಲ್ಲಿ ಬರುತ್ತದೆ ಎಂದರೆ ಕೆಲವರಿಗೆ ಕೋಪ ಬರಬಹುದು. ಬರಲಿ. ಆದರೆ ಇದಕ್ಕೊಂದು ಮರುಮುಖವೂ ಇದೆ, ಮತ್ತು ಅದನ್ನು ನಾನು ತಡವಾಗಿ ಕಲಿತೆ. ಕೊಯ್ಲಿನ ಹಬ್ಬದ ಮರುದಿನ ನಮ್ಮ ಸಭೆಯ ಒಬ್ಬ ಅಜ್ಜಿ ನನ್ನನ್ನು ಗೇಟಿನ ಬಳಿ ತಡೆದು, ಈ ಸದ್ದಿನಿಂದ ತಪ್ಪಿಸಿಕೊಳ್ಳಲೆಂದೇ ನನ್ನಪ್ಪ ಇಲ್ಲಿಗೆ ಬಂದದ್ದು ಮಗಾ, ನೀವು ಅದನ್ನೇ ಒಳಗೆ ತಂದಿರಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಕರಾವಳಿಯಲ್ಲಿ ಕೊರಗ ಬುಡಕಟ್ಟಿನವರನ್ನು ಅವಮಾನಿಸುತ್ತಾ ಬಂದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ರಾಜ್ಯವೇ ಕಾನೂನು ಮಾಡಬೇಕಾಯಿತು. ಡೋಲು ಬಡಿಯುವ ಬಿಟ್ಟಿಚಾಕರಿ ಆ ಪದ್ಧತಿಯ ಒಂದು ಭಾಗ. ಬಲವಂತದಿಂದ ಬಡಿಸಿದ ವಾದ್ಯವನ್ನು ಕೆಳಗಿಟ್ಟದ್ದೇ ಅವರಲ್ಲಿ ಎಷ್ಟೋ ಜನರ ಪಾಲಿಗೆ ಬಿಡುಗಡೆ. ಇನ್ನೊಂದು ಕಡೆ, ಮದುರೈಯ ದೇವಶಾಸ್ತ್ರ ವಿದ್ಯಾಲಯದಲ್ಲಿ ಕಲಿಸುತ್ತಿದ್ದ ಜೇಮ್ಸ್ ತಿಯೋಫಿಲಸ್ ಅಪ್ಪಾವು ಎಂಬ ಸಭಾಪಾಲಕ ಅಯ್ಯನವರು ಅವಮಾನದ ಗುರುತಾಗಿದ್ದ ಪರೈ ಎಂಬ ತಮಿಳುನಾಡಿನ ಚರ್ಮವಾದ್ಯವನ್ನೇ ಆರಾಧನೆಗೆ ತಂದು, ಹಳ್ಳಿಯ ಮಟ್ಟುಗಳಲ್ಲಿ ಇಡೀ ಆರಾಧನಾಕ್ರಮವನ್ನು ಕಟ್ಟಿ, ದಲಿತ ಕ್ರೈಸ್ತರು ತಲೆಯೆತ್ತಿ ಹಾಡುವಂತೆ ಮಾಡಿದರು. ಎರಡೂ ನಿಜ. ಆದ್ದರಿಂದ ತಮಟೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ಆ ಚರ್ಮದ ಭಾರ ಹೊತ್ತವರ ಮಕ್ಕಳು ಮೊಮ್ಮಕ್ಕಳು. ಅದನ್ನು ಎಂದೂ ಮುಟ್ಟದ ಸಮಿತಿಯ ಸದಸ್ಯರಿಗೂ, ಅದನ್ನು ಚಂದವೆಂದು ಮೆಚ್ಚಿಕೊಂಡ ನನ್ನಂಥವರಿಗೂ ಆ ಅಧಿಕಾರವಿಲ್ಲ.

ವಾದ್ಯಗಳ ಪರವಾಗಿ ಇಷ್ಟು ಬರೆದವನು ಈಗ ವಾದ್ಯಗಳ ಮೇಲೆಯೇ ಒಂದು ಆರೋಪ ಹೊರಿಸಬೇಕಾಗಿದೆ. ಈ ವರ್ಷದ ಆರಂಭದಲ್ಲಿ ಒಂದು ಸಮಾಧಿ ಸಂಸ್ಕಾರಕ್ಕೆ ಹೋಗಿದ್ದೆ. ಮಣ್ಣು ಹಾಕುವ ಹೊತ್ತಿಗೆ ಅಯ್ಯನವರು ಒಂದು ಹಳೆಯ ಗೀತೆಯ ಸಂಖ್ಯೆ ಹೇಳಿದರು. ನೂರಕ್ಕೂ ಹೆಚ್ಚು ಜನ ಇದ್ದರು; ಹಾಡು ಎತ್ತುವವರು ಒಬ್ಬರೂ ಇರಲಿಲ್ಲ. ಒಬ್ಬ ಹುಡುಗ ಜೇಬಿನಿಂದ ಮೊಬೈಲ್ ತೆಗೆದು, ಹಾಡುಗಾರರಿಲ್ಲದ ಬರಿಯ ವಾದ್ಯದ ಟ್ರ್ಯಾಕ್ ಹುಡುಕಿ, ಪೆಟ್ಟಿಗೆಯ ಪಕ್ಕ ಹಿಡಿದು ನಿಂತ. ನಾವೆಲ್ಲ ಅದರ ಹಿಂದೆ ಗೊಣಗಿದೆವು. ಇದರಲ್ಲಿ ನನ್ನ ಪಾಲೂ ಇದೆ. ಸಭೆ ತಪ್ಪಿದ ಕಡೆಯೆಲ್ಲ ತಿದಿಯನ್ನು ಜೋರಾಗಿ ಒತ್ತಿ ಆ ತಪ್ಪನ್ನು ಮುಚ್ಚಿದವನು ನಾನು. ಅವರು ತಪ್ಪಿ ಕಲಿಯಲು ಬಿಡಲಿಲ್ಲ. ಇಂದಿನ ಧ್ವನಿವರ್ಧಕಗಳು ನನಗಿಂತ ನೂರು ಪಾಲು ಚೆನ್ನಾಗಿ ಮುಚ್ಚುತ್ತವೆ. ಮುಂದೆ ನಿಂತು ಹಾಡುವವರ ಕಂಠಕ್ಕೆ ಒಪ್ಪುವ ಶ್ರುತಿಗೆ ಗುಂಡಿ ಒತ್ತಿ ಏರಿಸುತ್ತಾರೆ, ಆ ಎತ್ತರಕ್ಕೆ ಏರಲಾರದ ಮುದುಕರು ಮೊದಲ ಚರಣಕ್ಕೇ ಪುಸ್ತಕ ಮಡಚುತ್ತಾರೆ, ಉಳಿದವರು ಬಾಯಿ ತೆರೆದರೂ ತಮ್ಮ ದನಿ ತಮಗೇ ಕೇಳದ ಕಾರಣ ಬರಬರುತ್ತಾ ಕೇಳುಗರಾಗುತ್ತಾರೆ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ವಾದ್ಯಗಳ ಪ್ರಸ್ತಾಪವಿದೆ: ಸ್ವರಗಳು ಸ್ಪಷ್ಟವಾಗಿ ಬೇರೆಯಾಗದಿದ್ದರೆ ನುಡಿಸಿದ್ದು ಏನೆಂದು ಯಾರಿಗೆ ತಿಳಿದೀತು, ಕಹಳೆ ಗೊತ್ತಿಲ್ಲದ ಶಬ್ದ ಮಾಡಿದರೆ ಯುದ್ಧಕ್ಕೆ ಯಾರು ಸಿದ್ಧರಾಗುತ್ತಾರೆ ಎಂದು ಕೇಳುತ್ತಾನೆ. ಅಲ್ಲಿ ಅವನಾಡುತ್ತಿರುವುದು ಅನ್ಯಭಾಷೆಗಳ ವಿಷಯವೆಂದು ನನಗೆ ಗೊತ್ತಿದೆ, ಆದರೆ ಅದೇ ಅಧ್ಯಾಯದಲ್ಲಿ ಕೀರ್ತನೆಯನ್ನೂ ಸೇರಿಸಿ ಎಲ್ಲವೂ ಭಕ್ತಿವೃದ್ಧಿಗಾಗಿ ನಡೆಯಲಿ ಎಂದೂ ಹೇಳುತ್ತಾನೆ. ಆ ಅಳತೆಗೋಲಿನಿಂದ ಅಳೆದರೆ ವಾದ್ಯದ ಹುಟ್ಟೂರು ಲೆಕ್ಕಕ್ಕೆ ಬರುವುದಿಲ್ಲ. ಅದು ನುಡಿಯುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಪಕ್ಕದವರ ಹಾಡು ಕೇಳುತ್ತಿದೆಯೇ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ನಮ್ಮ ದೇವಾಲಯದಲ್ಲಿ ಈ ಪರೀಕ್ಷೆಯನ್ನು ಕೊಯ್ಲಿನ ಹಬ್ಬದ ತಬಲಾ ಪಾಸು ಮಾಡಿತ್ತು. ಈಗಿನ ಕೀಬೋರ್ಡ್ ಮಾಡುವುದಿಲ್ಲ.

ಆದುದರಿಂದ ನನ್ನ ವಿನಂತಿ ಇಷ್ಟು. ಇಂಥ ನಿರ್ಣಯಗಳಲ್ಲಿ ಹೊಸ ಒಡಂಬಡಿಕೆಯನ್ನು ಆಧಾರವಾಗಿ ತೋರಿಸುವ ಸಭೆಗಳು ಒಂದೋ ಎಲ್ಲ ವಾದ್ಯಗಳನ್ನೂ ಕೆಳಗಿಡಲಿ, ಇಲ್ಲವೇ ಆ ಆಧಾರವನ್ನು ಹಿಂತೆಗೆದುಕೊಂಡು ತಮ್ಮ ನಿಜವಾದ ಕಾರಣವನ್ನು ಹೇಳಲಿ ಎಂದು ತಾವು ಒಂದು ಸುತ್ತೋಲೆಯ ಮೂಲಕ ತಿಳಿಸಬೇಕು. ಆರ್ಗನ್ನಿಗೆ ಯಾವ ಅಳತೆಯೋ ತಬಲಾಕ್ಕೂ ಅದೇ ಅಳತೆ ಇರಬೇಕು. ತಿಂಗಳಿಗೊಂದು ಭಾನುವಾರ ಎಲ್ಲ ಸಭೆಗಳಲ್ಲೂ ವಾದ್ಯ, ಮೈಕು ಎರಡೂ ಇಲ್ಲದೆ ಹಾಡುವ ಕ್ರಮವನ್ನು ತಾವು ಜಾರಿಗೆ ತಂದರೆ, ಮೊದಲ ಕೆಲವು ವಾರ ಕಿವಿಗೆ ಕಷ್ಟವಾದೀತು. ಆದರೆ ಪ್ರತಿ ಸಭೆಯಲ್ಲೂ ಹಾಡು ಎತ್ತುವವರು ನಾಲ್ಕು ಜನ ಮತ್ತೆ ತಯಾರಾದಾರು. ಕ್ವಾಯರಿನ ಸ್ಪರ್ಧೆಗಳಿಗೆ ನಾವು ಖರ್ಚು ಮಾಡುವ ಹಣದ ಒಂದು ಪಾಲು ಹಳೆಯ ಕೀರ್ತನೆಗಳನ್ನು ಅವುಗಳ ಮೂಲ ರಾಗತಾಳದಲ್ಲಿ ಬಲ್ಲ ಹಿರಿಯರಿಂದ ಯುವಕರಿಗೆ ಕಲಿಸುವುದಕ್ಕೂ ಸಲ್ಲಲಿ, ಏಕೆಂದರೆ ಅಂಥವರು ನಮ್ಮಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ಕೊಯ್ಲಿನ ಹಬ್ಬದಲ್ಲಿ ನುಡಿಸಿದ ಆ ತಬಲಾ ಜೋಡಿ ಯುವಕರು ಚಂದಾ ಎತ್ತಿ ಕೊಂಡದ್ದು. ಈಗ ಅದು ನಮ್ಮ ವೆಸ್ಟ್ರಿಯ ಕಪಾಟಿನಲ್ಲಿ, ಹಳೆಯ ಗೀತಪುಸ್ತಕಗಳ ಕಟ್ಟಿನ ಪಕ್ಕದಲ್ಲಿದೆ. ಇಲ್ಲಿ ಮಳೆ ಹಿಡಿದಿದೆ, ಕಪಾಟಿನ ಹಿಂದಿನ ಗೋಡೆ ಒಸರುತ್ತದೆ. ಹೋದ ವಾರ ತೆಗೆದು ನೋಡಿದಾಗ ಎಡಗೈಯ ತಬಲಾದ ಚರ್ಮದ ಅಂಚಿಗೆ ಬೂಸಲು ಬಂದಿತ್ತು. ನಾನು ಒರೆಸಿ, ಒಣಬಟ್ಟೆ ಸುತ್ತಿ ಇಟ್ಟು ಬಂದಿದ್ದೇನೆ. ತಮ್ಮ ಉತ್ತರ ಈ ಮಳೆಗಾಲ ಮುಗಿಯುವುದರೊಳಗೆ ಬಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಧೇಯ,
ಕರಾವಳಿಯ ಒಂದು ಕನ್ನಡ ಸಭೆಯ ಸದಸ್ಯ